ಹಳೆಯ ಬೀಗ, ಹೊಸ ನಿಯಮ

2009ರಲ್ಲಿ ಬಿಟ್‌ಕಾಯಿನ್ ಜಾಲದಲ್ಲಿ ಒಂದು ಬ್ಲಾಕ್ ಕಟ್ಟಿದವರಿಗೆ 50 ನಾಣ್ಯ ಸಿಗುತ್ತಿತ್ತು. ಅದನ್ನು ಒಂದು ಸಾರ್ವಜನಿಕ ಕೀಗೆ ಬಿಗಿದು, ಆ ಕೀಗೆ ಹೊಂದುವ ಸಹಿ ತಂದವರಿಗೆ ಸೇರತಕ್ಕದ್ದು ಎಂಬ ಒಂದೇ ಷರತ್ತನ್ನು ದಾಖಲೆಯಲ್ಲಿ ಬರೆದಿಡಲಾಗುತ್ತಿತ್ತು. ಅಂಥ ಎಷ್ಟೋ ನಾಣ್ಯಗಳು ಇವತ್ತಿಗೂ ಇದ್ದಲ್ಲಿಂದ ಕದಲಿಲ್ಲ. ಅವುಗಳ ಒಡೆಯರಲ್ಲಿ ಯಾರಾದರೂ ಹಳೆಯ ಹಾರ್ಡ್ ಡಿಸ್ಕ್ ಹುಡುಕಿ ತೆಗೆದು ಸಹಿ ಹಾಕಿದರೆ ಇಂದಿನ ತಂತ್ರಾಂಶ ಮರುಮಾತಿಲ್ಲದೆ ಒಪ್ಪುತ್ತದೆ. ನಡುವಿನ ವರ್ಷಗಳಲ್ಲಿ ವಹಿವಾಟಿನ ನಿಯಮಗಳು ಹಲವು ಸಲ ಬದಲಾಗಿವೆ, ಆ ಬೀಗ ಮಾತ್ರ ಹಾಗೇ ಇದೆ.

ಅದು ತಾನಾಗಿ ಉಳಿದುಕೊಂಡದ್ದಲ್ಲ. ಬ್ಯಾಂಕು ನಿಯಮ ಬದಲಿಸಿದರೆ ಸುತ್ತೋಲೆ ಬರುತ್ತದೆ, ಗಡುವು ಬರುತ್ತದೆ, ಹಳೆಯ ಚೆಕ್ ಪುಸ್ತಕ ವಾಪಸು ಕೊಡಿ ಎಂಬ ಸೂಚನೆ ಬರುತ್ತದೆ. ಕ್ರಿಪ್ಟೋ ಜಾಲದಲ್ಲಿ ಸುತ್ತೋಲೆ ಹೊರಡಿಸುವ ಕಚೇರಿಯೇ ಇಲ್ಲ. ಹಾಗಾಗಿ ಹೊಸ ನಿಯಮ ತರುವಾಗ ಹಳೆಯದನ್ನು ಎಷ್ಟು ಉಳಿಸಿಕೊಳ್ಳಬೇಕು ಎಂಬ ಪ್ರಶ್ನೆ ಅಲ್ಲಿ ಹದಿನೈದು ವರ್ಷಗಳಿಂದ ಗೆಳೆತನಗಳನ್ನು ಮುರಿದಿದೆ, ಜಾಲಗಳನ್ನು ಸೀಳಿದೆ.

ಆದರೆ 'ಹಳೆಯದು' ಎಂದಾಗ ಯಾವುದು? ಹಳೆಯ ತಂತ್ರಾಂಶವೋ, ಹಳೆಯ ನಿಯಮದಡಿ ಇಟ್ಟ ಹಣವೋ, ಹಿಂದೆಯೇ ಸಹಿ ಮಾಡಿ ಪೆಟ್ಟಿಗೆಯಲ್ಲಿಟ್ಟ ವಹಿವಾಟೋ? ಇವು ಮೂರೂ ಬೇರೆ ಬೇರೆ. ಒಂದನ್ನು ಕಾಪಾಡುವ ಬದಲಾವಣೆ ಇನ್ನೊಂದನ್ನು ಮುರಿಯಬಹುದು. ಚರ್ಚೆಯ ಬಹುಪಾಲು ಮೊದಲನೆಯದರ ಸುತ್ತಲೇ ನಡೆದಿದೆ. ನನ್ನ ಮಟ್ಟಿಗೆ ಎರಡನೆಯದು ಮತ್ತು ಮೂರನೆಯದೇ ಹೆಚ್ಚು ತೂಕದವು.

ನಿಯಮ ಇರುವುದೆಲ್ಲಿ?

ಬಿಟ್‌ಕಾಯಿನ್‌ನಲ್ಲಿ ಪ್ರತಿಯೊಂದು ಫುಲ್ ನೋಡ್, ಅಂದರೆ ತಂತ್ರಾಂಶವನ್ನು ಪೂರ್ತಿಯಾಗಿ ಓಡಿಸುವ ಕಂಪ್ಯೂಟರ್, ತಾನೇ ಸ್ವತಂತ್ರವಾಗಿ ಪ್ರತಿ ವಹಿವಾಟನ್ನೂ ತಪಾಸಣೆ ಮಾಡುತ್ತದೆ. ಸಹಿ ಸರಿಯಿದೆಯೇ, ಇದೇ ನಾಣ್ಯ ಹಿಂದೆ ಖರ್ಚಾಗಿದೆಯೇ, ಬ್ಲಾಕ್ ಮಿತಿಯೊಳಗಿದೆಯೇ ಎಂದೆಲ್ಲ ನೋಡಿ, ತಪ್ಪು ಕಂಡರೆ ಆ ಬ್ಲಾಕನ್ನು ಯಾರು ಕಟ್ಟಿದ್ದರೂ ತಳ್ಳಿಹಾಕುತ್ತದೆ. ನಿಯಮ ಎಂದರೆ ಸಾವಿರಾರು ಕಂಪ್ಯೂಟರ್‌ಗಳು ಒಟ್ಟಾಗಿ ಓಡಿಸುತ್ತಿರುವ ಆ ತಪಾಸಣೆಯೇ ಹೊರತು ಬೇರೆಲ್ಲೋ ಬರೆದಿಟ್ಟ ಕಾಗದವಲ್ಲ.

ಈ ತಪಾಸಣೆಯನ್ನು ಎರಡು ದಿಕ್ಕಿಗೆ ಬದಲಿಸಬಹುದು. ಬಿಗಿ ಮಾಡಿದರೆ, ಅಂದರೆ ನಿನ್ನೆ ಒಪ್ಪುತ್ತಿದ್ದ ಕೆಲವನ್ನು ಇಂದು ಒಪ್ಪದಿದ್ದರೆ, ಅದು ಸಾಫ್ಟ್ ಫೋರ್ಕ್. ಹೊಸ ನಿಯಮದ ಬ್ಲಾಕ್ ಹಳೆಯ ನೋಡ್ ಕಣ್ಣಿಗೂ ಸರಿಯಾಗಿಯೇ ಕಾಣುತ್ತದೆ, ಹಾಗಾಗಿ ತಂತ್ರಾಂಶ ಬದಲಿಸದವರೂ ಜಾಲದಲ್ಲೇ ಉಳಿಯುತ್ತಾರೆ. ಸಡಿಲ ಮಾಡಿದರೆ, ಅಂದರೆ ನಿನ್ನೆ ತಪ್ಪಾಗಿದ್ದದ್ದು ಇಂದು ಸರಿಯಾದರೆ, ಅದು ಹಾರ್ಡ್ ಫೋರ್ಕ್. ಮೀಟರ್ ಗೇಜ್ ಹಳಿ ಕಿತ್ತು ಬ್ರಾಡ್ ಗೇಜ್ ಹಾಕಿದ ದಿನ ಹಳೆಯ ಎಂಜಿನ್ ಶೆಡ್ಡಿನಲ್ಲೇ ಉಳಿಯುವಂತೆ, ಹಾರ್ಡ್ ಫೋರ್ಕ್ ಆದ ದಿನ ಹಳೆಯ ನೋಡ್ ಹೊಸ ಬ್ಲಾಕನ್ನು ಒಪ್ಪದೆ ನಿಂತುಬಿಡುತ್ತದೆ. ವ್ಯತ್ಯಾಸ ಒಂದೇ: ರೈಲ್ವೆಯಲ್ಲಿ ಹಳಿ ಇಲಾಖೆಯದು. ಇಲ್ಲಿ ಹಳೆಯ ಹಳಿಯೇ ಬೇಕೆನ್ನುವವರು ಅದರ ಮೇಲೆ ತಮ್ಮ ರೈಲು ಓಡಿಸುತ್ತಲೇ ಇರಬಹುದು. ಆಗ ಒಂದು ನಾಣ್ಯ ಎರಡಾಗುತ್ತದೆ.

ಒಬ್ಬರೇ ನಿರ್ಧರಿಸುತ್ತಿದ್ದ ಕಾಲ

ಮೊದಲ ಆವೃತ್ತಿ ಹೊರಬಂದ ಕ್ಷಣದಿಂದಲೇ ಬಿಟ್‌ಕಾಯಿನ್‌ನ ಮೂಲ ವಿನ್ಯಾಸ ಕಲ್ಲಿನಲ್ಲಿ ಕೆತ್ತಿದಂತೆ ಎಂಬರ್ಥದ ಮಾತನ್ನು ಜಾಲವನ್ನು ಹುಟ್ಟುಹಾಕಿದ ಸತೋಷಿ ನಕಾಮೊಟೊ 2010ರ ಜೂನ್‌ನಲ್ಲೇ ಬರೆದಿದ್ದರು. ಮುಂದೆ ಯಾವ್ಯಾವ ಬಗೆಯ ವಹಿವಾಟು ಬೇಕಾದೀತೋ ಗೊತ್ತಿಲ್ಲದ ಕಾರಣ, ಷರತ್ತುಗಳನ್ನು ಬರೆಯಲು ಒಂದು ಪುಟ್ಟ ಸ್ಕ್ರಿಪ್ಟ್ ಭಾಷೆಯನ್ನೇ ಅವರು ಒಳಗಿಟ್ಟಿದ್ದರು. ಹೀಗೆಂದ ಎರಡು ತಿಂಗಳಲ್ಲೇ ಅವರೇ ನಿಯಮ ಬದಲಿಸಬೇಕಾಗಿ ಬಂತು.

2010ರ ಆಗಸ್ಟ್ 15ರಂದು 74,638ನೇ ಬ್ಲಾಕ್‌ನಲ್ಲಿ ಒಂದು ವಹಿವಾಟು ಸುಮಾರು 18,400 ಕೋಟಿ ಬಿಟ್‌ಕಾಯಿನ್‌ಗಳನ್ನು ಹುಟ್ಟಿಸಿತು. ಒಟ್ಟು 2.1 ಕೋಟಿ ಮೀರಬಾರದ ನಾಣ್ಯ ಅದು. ಎರಡು ಭಾರೀ ಮೊತ್ತಗಳನ್ನು ಕೂಡಿದಾಗ ಕಂಪ್ಯೂಟರ್‌ನ ಎಣಿಕೆ ತುಂಬಿ ಹರಿದು ಋಣ ಸಂಖ್ಯೆಯಾಗುವುದನ್ನು ತಪಾಸಣೆ ಗಮನಿಸುತ್ತಿರಲಿಲ್ಲ. ಕೆಲವೇ ಗಂಟೆಗಳಲ್ಲಿ ತಿದ್ದಿದ ಆವೃತ್ತಿ ಬಂತು, ಅದರಡಿ ಕಟ್ಟಿದ ಬ್ಲಾಕ್ ಸರಪಳಿ ಹಳೆಯದನ್ನು ಹಿಂದಿಕ್ಕಿತು. ಅದೇ ವರ್ಷ ಬ್ಲಾಕ್‌ಗೆ 10 ಲಕ್ಷ ಬೈಟ್‌ಗಳ ಮಿತಿ ಬಂತು. ಅಪಾಯಕಾರಿ ಎನಿಸಿದ ಕೆಲವು ಸ್ಕ್ರಿಪ್ಟ್ ಆಜ್ಞೆಗಳನ್ನು ಮುಚ್ಚಲಾಯಿತು. ಇವೆಲ್ಲವೂ ಬಿಗಿ ಮಾಡುವ ಬದಲಾವಣೆಗಳೇ. ಚರ್ಚೆ ಏಳಲಿಲ್ಲ, ಏಕೆಂದರೆ ಜಾಲ ಚಿಕ್ಕದಿತ್ತು, ಸತೋಷಿ ಹೇಳಿದ ಮೇಲೆ ಆಯಿತು ಎನ್ನುವ ವಾತಾವರಣವಿತ್ತು. ಆ ವರ್ಷದ ಕೊನೆಗೆ ಅವರು ಹಿಂದೆ ಸರಿದರು. ಯಾರನ್ನು ಕೇಳಬೇಕು ಎಂಬ ಪ್ರಶ್ನೆ ಆಮೇಲೆ ಶುರುವಾಯಿತು.

2012: ಹಳೆಯ ನೋಡ್ ಕಣ್ಣಿಗೆ ಕಾಣದ ನಿಯಮ

ಇಂದಿನ ಎಲ್ಲ ವಾದಗಳ ಬೀಜ ಬಿಐಪಿ 16 ಎಂಬ ಪ್ರಸ್ತಾವದಲ್ಲಿದೆ. ಇಬ್ಬರು ಮೂವರ ಸಹಿ ಬೇಕಾದ ಖಾತೆಯಂಥ ಉದ್ದನೆಯ ಷರತ್ತುಗಳನ್ನು ಒಂದು ಚಿಕ್ಕ ವಿಳಾಸದಲ್ಲಿ ಅಡಗಿಸಬೇಕಿತ್ತು. ತಂತ್ರಾಂಶ ಬರೆಯುತ್ತಿದ್ದ ಗೇವಿನ್ ಆಂಡ್ರೆಸನ್ ಸೂಚಿಸಿದ ದಾರಿ ಹೀಗಿತ್ತು: ಹಣ ಕಳಿಸುವವರು ಷರತ್ತನ್ನು ಬರೆಯದೆ ಅದರ 20 ಬೈಟ್‌ಗಳ ಹ್ಯಾಶ್ ಎಂಬ ಬೆರಳಚ್ಚನ್ನು ಮಾತ್ರ ಬರೆಯುತ್ತಾರೆ. ಖರ್ಚು ಮಾಡುವವರು ಷರತ್ತನ್ನೂ ಅದನ್ನು ಪೂರೈಸುವ ಸಹಿಗಳನ್ನೂ ಒಟ್ಟಿಗೆ ತರುತ್ತಾರೆ.

ಹಳೆಯ ನೋಡ್ ಇದನ್ನು ಹೇಗೆ ಓದುತ್ತದೆ? ತಂದದ್ದರ ಹ್ಯಾಶ್ ಹೊಂದಿತೇ ಎಂದಷ್ಟೇ ನೋಡಿ ಸರಿ ಎನ್ನುತ್ತದೆ. ಹೊಸ ನೋಡ್ ಆ ಹೊಂದಿಕೆಯ ನಂತರ ಒಳಗಿನ ಷರತ್ತನ್ನು ಬಿಚ್ಚಿ, ಓಡಿಸಿ, ಸಹಿಗಳನ್ನೂ ಪರೀಕ್ಷಿಸುತ್ತದೆ. ಹೊಸದು ಒಪ್ಪುವುದನ್ನೆಲ್ಲ ಹಳೆಯದೂ ಒಪ್ಪುತ್ತದೆ, ಹಳೆಯದು ಒಪ್ಪುವ ಎಲ್ಲವನ್ನೂ ಹೊಸದು ಒಪ್ಪುವುದಿಲ್ಲ. ಲ್ಯೂಕ್ ಡ್ಯಾಶ್‌ಜರ್ ಇದಕ್ಕೆ ಎದುರಾಗಿ ಬಿಐಪಿ 17 ಮುಂದಿಟ್ಟರು. ತಿಂಗಳುಗಟ್ಟಲೆ ಜಟಾಪಟಿಯಾಗಿ, 2012ರ ಏಪ್ರಿಲ್ 1ರಂದು ಬಿಐಪಿ 16 ಜಾರಿಗೆ ಬಂತು. 3ರಿಂದ ಶುರುವಾಗುವ ಬಿಟ್‌ಕಾಯಿನ್ ವಿಳಾಸಗಳು ಬಂದದ್ದು ಅಲ್ಲಿಂದ.

ಜಾರಿಗೆ ಮೊದಲೇ ಕಟ್ಟಲಾಗಿದ್ದ 1,70,060ನೇ ಬ್ಲಾಕ್‌ನಲ್ಲಿ ಈ ನಿಯಮಕ್ಕೆ ವಿರುದ್ಧವಾದ ಒಂದು ವಹಿವಾಟಿದೆ. ಆಮೇಲೆ ಬಿಟ್‌ಕಾಯಿನ್ ಕೋರ್ ತಂತ್ರಾಂಶ ಈ ನಿಯಮವನ್ನು ಹಿಂದಿನ ಇತಿಹಾಸಕ್ಕೂ ಅನ್ವಯಿಸಿದಾಗ ಆ ಒಂದು ಬ್ಲಾಕ್‌ಗೆ ಮಾತ್ರ ವಿನಾಯಿತಿ ಕೊಡಬೇಕಾಯಿತು, ಅದರ ಹ್ಯಾಶನ್ನು ಕೋಡ್‌ನೊಳಗೇ ಬರೆದಿಡಲಾಯಿತು. ನಡೆದುಹೋದ ವಹಿವಾಟನ್ನು ಇಲ್ಲಿ ಹೊಸ ನಿಯಮವೂ ಮುಟ್ಟುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ನನಗೆ ಸಿಕ್ಕಿಲ್ಲ.

ಬರೆದಿಡದ ನಿಯಮಗಳು

2013ರ ಮಾರ್ಚ್‌ನಲ್ಲಿ ಯಾರೂ ನಿಯಮ ಬದಲಿಸದೆಯೇ ಜಾಲ ಸೀಳಿತು. ಹೊಸ 0.8 ಆವೃತ್ತಿ ತನ್ನ ಡೇಟಾಬೇಸ್ ಬದಲಿಸಿತ್ತು. ಹಳೆಯ ಡೇಟಾಬೇಸ್‌ಗೆ ಒಮ್ಮೆಗೇ ಎಷ್ಟು ದಾಖಲೆಗಳನ್ನು ಮುಟ್ಟಬಹುದು ಎಂಬುದಕ್ಕೆ ಒಂದು ಮಿತಿಯಿದ್ದದ್ದು ಯಾರ ಗಮನದಲ್ಲೂ ಇರಲಿಲ್ಲ. 2,25,430ನೇ ಬ್ಲಾಕ್ ಆ ಮಿತಿ ಮೀರಿತು. ಹೊಸ ನೋಡ್‌ಗಳು ಒಪ್ಪಿದವು, ಹಳೆಯವು ಒಪ್ಪಲಿಲ್ಲ, ಎತ್ತು ಏರಿಗೆ ಕೋಣ ನೀರಿಗೆ ಎಂಬಂತಾಯಿತು. ಒಟ್ಟುಗೂಡಿ ಬ್ಲಾಕ್ ಕಟ್ಟುವ ದೊಡ್ಡ ಮೈನಿಂಗ್ ಪೂಲ್‌ಗಳು ತಮ್ಮ ಗಳಿಕೆ ಬಿಟ್ಟುಕೊಟ್ಟು ಹಳೆಯ ಆವೃತ್ತಿಗೆ ಮರಳಿದ ಮೇಲೆ ಸರಪಳಿ ಮತ್ತೆ ಒಂದಾಯಿತು. ಆ ಮಿತಿಯನ್ನು ಅಧಿಕೃತವಾಗಿ ತೆಗೆದದ್ದು 2013ರ ಮೇ 15ರಂದು. ಕಟ್ಟುನಿಟ್ಟಾಗಿ ಹೇಳುವುದಾದರೆ ಅದೊಂದು ಹಾರ್ಡ್ ಫೋರ್ಕ್. ಬಿಟ್‌ಕಾಯಿನ್‌ನಲ್ಲಿ ಹಾರ್ಡ್ ಫೋರ್ಕ್ ಆಗಿಯೇ ಇಲ್ಲ ಎನ್ನುವವರು ಇದನ್ನು ಮರೆಯುತ್ತಾರೆ.

ಎರಡನೆಯ ಪೆಟ್ಟು ಸಾಫ್ಟ್ ಫೋರ್ಕ್‌ಗೇ ಬಿತ್ತು. ಸಹಿಗಳ ಬರವಣಿಗೆಯ ರೂಪವನ್ನು ಬಿಗಿಗೊಳಿಸುವ ಬಿಐಪಿ 66ಕ್ಕೆ ಶೇ 95ರಷ್ಟು ಬ್ಲಾಕ್‌ಗಳ ಬೆಂಬಲ ಬಂದು ಅದು ಜಾರಿಯಾದ ಮೇಲೆ, 2015ರ ಜುಲೈ 4ರಂದು, ತಂತ್ರಾಂಶ ಬದಲಿಸದ ಒಬ್ಬ ಮೈನರ್ ನಿಯಮ ತಪ್ಪಿದ ಬ್ಲಾಕ್ ಕಟ್ಟಿದ. ಬೆಂಬಲ ಘೋಷಿಸಿದ್ದ ದೊಡ್ಡ ಪೂಲ್‌ಗಳು ಸಮಯ ಉಳಿಸಲು ತಪಾಸಣೆಯನ್ನೇ ಬಿಟ್ಟು ಅದರ ಮೇಲೆ ಕಟ್ಟುತ್ತಾ ಹೋದವು. ಆರು ಬ್ಲಾಕ್‌ಗಳಷ್ಟು ಉದ್ದದ ಅಮಾನ್ಯ ಸರಪಳಿ ಬೆಳೆಯಿತು. ಒಪ್ಪಿಗೆಯ ಸಂಕೇತ ಕೊಡುವುದು ಬೇರೆ, ನಿಯಮ ಪಾಲಿಸುವುದು ಬೇರೆ ಎಂದು ಎಲ್ಲರಿಗೂ ಅಂದು ಗೊತ್ತಾಯಿತು.

ಸೆಗ್‌ವಿಟ್: ಒಂದು ಸೊನ್ನೆಯ ಜಾಣ್ಮೆ

ಬ್ಲಾಕ್ ಗಾತ್ರದ ಜಗಳ 2015ರಿಂದ 2017ರವರೆಗೆ ನಡೆಯಿತು. ಒಂದು ಕಡೆ ಆಂಡ್ರೆಸನ್, ಮೈಕ್ ಹರ್ನ್ ಮೊದಲಾದವರು ಹಾರ್ಡ್ ಫೋರ್ಕ್ ಮಾಡಿ ಮಿತಿ ಏರಿಸೋಣ ಎಂದರು. ಅವರ ಬಿಟ್‌ಕಾಯಿನ್ ಎಕ್ಸ್‌ಟಿ ತಂತ್ರಾಂಶ 8 ಎಂಬಿಯಿಂದ ಆರಂಭಿಸಿ ಎರಡು ವರ್ಷಕ್ಕೊಮ್ಮೆ ದುಪ್ಪಟ್ಟಾಗುವ ಮಿತಿಯನ್ನು ಮುಂದಿಟ್ಟಿತು. ಇನ್ನೊಂದು ಕಡೆ 2015ರ ಡಿಸೆಂಬರ್‌ನಲ್ಲಿ ಹಾಂಗ್‌ಕಾಂಗ್ ಸಮ್ಮೇಳನದಲ್ಲಿ ಪೀಟರ್ ವುಯಿಲ್ ಮಂಡಿಸಿದ ಸೆಗ್‌ವಿಟ್ ಇತ್ತು.

ಸೆಗ್‌ವಿಟ್ ಮೊದಲು ಪರಿಹರಿಸಿದ್ದು ಬೇರೆಯೇ ತೊಂದರೆ. ವಹಿವಾಟಿನ ಗುರುತು ಸಂಖ್ಯೆಯನ್ನು ಸಹಿಯೂ ಸೇರಿದಂತೆ ಲೆಕ್ಕ ಹಾಕುತ್ತಿದ್ದರು. ಸಹಿಯ ರೂಪವನ್ನು ಯಾರೋ ಮೂರನೆಯವರು ತುಸು ತಿರುಚಿದರೂ ಹಣ ಅಲ್ಲಿಗೇ ಹೋಗುತ್ತಿತ್ತು, ಗುರುತು ಸಂಖ್ಯೆ ಮಾತ್ರ ಬದಲಾಗುತ್ತಿತ್ತು. ಒಂದು ವಹಿವಾಟಿನ ಮೇಲೆ ಮುಂಚಿತವಾಗಿ ಇನ್ನೊಂದನ್ನು ಕಟ್ಟಿಡುವ ಯಾವ ವ್ಯವಸ್ಥೆಗೂ ಇದು ನುಂಗಲಾರದ ತುತ್ತು. ಹಾಗಾಗಿ ಸಹಿಗಳನ್ನು ಗುರುತು ಸಂಖ್ಯೆಯ ಲೆಕ್ಕದಿಂದ ಹೊರಗೆ, ಸಾಕ್ಷಿ ಎಂಬ ಪ್ರತ್ಯೇಕ ಭಾಗಕ್ಕೆ ಸಾಗಿಸಬೇಕಿತ್ತು. ನೇರವಾಗಿ ಮಾಡಿದರೆ ಅದು ಹಾರ್ಡ್ ಫೋರ್ಕ್. ಸಾಫ್ಟ್ ಫೋರ್ಕ್ ಆಗಿಯೂ ಮಾಡಬಹುದು ಎಂದು ತೋರಿಸಿಕೊಟ್ಟವರು ಡ್ಯಾಶ್‌ಜರ್.

ಅದರ ಕೆಲಸ ಬೈಟ್ ಬೈಟ್‌ನಲ್ಲಿ ನೋಡುವಂಥದ್ದು. ಹಳೆಯ ವಹಿವಾಟಿನಲ್ಲಿ ಆವೃತ್ತಿ ಸಂಖ್ಯೆಯ ನಂತರ ಎಷ್ಟು ಮೂಲಗಳಿಂದ ಹಣ ಬರುತ್ತಿದೆ ಎಂಬ ಎಣಿಕೆ ಬರುತ್ತದೆ. ಸೆಗ್‌ವಿಟ್ ಆ ಜಾಗದಲ್ಲಿ ಸೊನ್ನೆ ಬರೆಯುತ್ತದೆ, ಅದರ ಪಕ್ಕಕ್ಕೆ ಒಂದು ಎಂಬ ಅಂಕಿ. ಸೊನ್ನೆ ಮೂಲಗಳ ವಹಿವಾಟು ಹಳೆಯ ನಿಯಮದಲ್ಲಿ ಮಾನ್ಯವಾಗುವುದು ಸಾಧ್ಯವೇ ಇಲ್ಲ, ಹಾಗಾಗಿ ಹೊಸ ರೂಪವನ್ನು ಹಳೆಯದೆಂದು ತಪ್ಪು ತಿಳಿಯುವ ಭಯವಿಲ್ಲ. ಹಳೆಯ ನೋಡ್ ಕೇಳಿದರೆ ಸಾಕ್ಷಿಯನ್ನೂ ಈ ಎರಡು ಬೈಟ್‌ಗಳನ್ನೂ ಕಳಚಿ ಉಳಿದದ್ದನ್ನು ಕೊಡಲಾಗುತ್ತದೆ. ಹಣದ ಬೀಗದ ಜಾಗದಲ್ಲಿ ಅದಕ್ಕೆ ಕಾಣುವುದು ಒಂದು ಸೊನ್ನೆ, ಅದರ ಮುಂದೆ 20 ಅಥವಾ 32 ಬೈಟ್‌ಗಳ ಮಾಹಿತಿ. ಹಳೆಯ ಸ್ಕ್ರಿಪ್ಟ್ ನಿಯಮದಲ್ಲಿ ಅದರ ಅರ್ಥ, ಈ ಹಣವನ್ನು ಯಾರು ಬೇಕಾದರೂ ತೆಗೆದುಕೊಳ್ಳಬಹುದು! ಹೊಸ ನೋಡ್ ಮಾತ್ರ ಸಾಕ್ಷಿ ಎಲ್ಲಿ ಎಂದು ಕೇಳುತ್ತದೆ. ಸಾಕ್ಷಿ ಕಳಚಿದ ಬ್ಲಾಕ್ 10 ಲಕ್ಷ ಬೈಟ್‌ಗಳ ಹಳೆಯ ಮಿತಿಯೊಳಗೇ ಇರುವುದರಿಂದ, ಹಳೆಯ ನೋಡ್‌ಗೆ ಗೊತ್ತಾಗದ ಹಾಗೆ ಜಾಲದ ಸಾಮರ್ಥ್ಯವೂ ಹೆಚ್ಚಿತು.

2017ರ ಆಗಸ್ಟ್ 24ರಂದು 4,81,824ನೇ ಬ್ಲಾಕ್‌ನಿಂದ ಸೆಗ್‌ವಿಟ್ ಜಾರಿಯಾಯಿತು. ಅದಕ್ಕೂ ಮೊದಲೇ, ಆಗಸ್ಟ್ 1ರಂದು, ದೊಡ್ಡ ಬ್ಲಾಕ್ ಬೇಕೆಂದವರು ಬಿಟ್‌ಕಾಯಿನ್ ಕ್ಯಾಶ್ ಎಂದು ಬೇರೆಯಾಗಿದ್ದರು.

ಸಾಫ್ಟ್ ಫೋರ್ಕ್ ಪಂಥ, ಹಾರ್ಡ್ ಫೋರ್ಕ್ ಪಂಥ

ಸಾಫ್ಟ್ ಫೋರ್ಕ್ ಪಂಥದ ವಾದ ಸರಳ. ತಂತ್ರಾಂಶ ಬದಲಿಸಲು ಯಾರನ್ನೂ ಒತ್ತಾಯಿಸಬಾರದು. ದೂರದ ಹಳ್ಳಿಯಲ್ಲಿ ಹಳೆಯ ಯಂತ್ರ ಓಡಿಸುತ್ತಿರುವವರೂ ಜಾಲದಲ್ಲೇ ಉಳಿಯಬೇಕು. ಎಲ್ಲರೂ ಒಂದೇ ದಿನ ಬದಲಾಗಲೇಬೇಕೆಂದರೆ, ಆ ದಿನ ಯಾವುದು ಎಂದು ಹೇಳುವ ಅಧಿಕಾರ ಯಾರೋ ಒಬ್ಬರ ಕೈಗೆ ಹೋಗುತ್ತದೆ. ಬಿಟ್‌ಕಾಯಿನ್ ಒಂದೇ ಸರಪಳಿಯಾಗಿ ಇಷ್ಟು ವರ್ಷ ಬಾಳಿದ್ದನ್ನು ಈ ವಾದ ಚೆನ್ನಾಗಿ ವಿವರಿಸುತ್ತದೆ.

ಮೈಕ್ ಹರ್ನ್ 2015ರಲ್ಲಿ ಇದಕ್ಕೆ ಕೊಟ್ಟ ಉತ್ತರವನ್ನು ಇಂದಿಗೂ ಯಾರೂ ಪೂರ್ತಿ ಅಲ್ಲಗಳೆದಿಲ್ಲ. ಹಳೆಯ ನೋಡ್ ಎಲ್ಲವನ್ನೂ ತಾನು ಪರೀಕ್ಷಿಸುತ್ತಿದ್ದೇನೆ ಅಂದುಕೊಂಡಿರುತ್ತದೆ, ವಾಸ್ತವದಲ್ಲಿ ಅದು ಹೊಸ ನಿಯಮವನ್ನು ಪರೀಕ್ಷಿಸುತ್ತಲೇ ಇಲ್ಲ. ಹಾರ್ಡ್ ಫೋರ್ಕ್ ಆದರೆ ನೋಡ್ ನಿಂತುಹೋಗುತ್ತದೆ, ಮಾಲೀಕನಿಗೆ ಏನೋ ಆಗಿದೆ ಎಂದು ಗೊತ್ತಾಗುತ್ತದೆ. ಸಾಫ್ಟ್ ಫೋರ್ಕ್‌ನಲ್ಲಿ ಅದು ಏನೂ ಆಗದಂತೆ ಓಡುತ್ತಿರುತ್ತದೆ. 2017ರ ಮಾರ್ಚ್‌ನಲ್ಲಿ ಈಥೀರಿಯಂ ಎಂಬ ಬೇರೊಂದು ಜಾಲವನ್ನು ಹುಟ್ಟುಹಾಕಿದ ವಿಟಾಲಿಕ್ ಬುಟೆರಿನ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಹಾರ್ಡ್ ಫೋರ್ಕ್‌ಗೆ ಸೇರುವುದು ಬಿಡುವುದು ಪ್ರತಿಯೊಬ್ಬರ ಇಷ್ಟ. ಸಾಫ್ಟ್ ಫೋರ್ಕ್‌ನಲ್ಲಿ ಬೇಡ ಎನ್ನುವವನಿಗೆ ಸುಮ್ಮನಿದ್ದು ಬೇಡ ಎನ್ನುವ ದಾರಿಯಿಲ್ಲ. ಹಾಗಾಗಿ ಬಲವಂತ ಹೆಚ್ಚಿರುವುದು ಸಾಫ್ಟ್ ಫೋರ್ಕ್‌ನಲ್ಲೇ ಎಂಬುದು ಅವರ ನಿಲುವು.

ಎರಡೂ ವಾದಗಳಲ್ಲಿ ಹುರುಳಿದೆ. ಆದರೆ ಎರಡೂ ನೋಡುತ್ತಿರುವುದು ತಂತ್ರಾಂಶವನ್ನು. ಹಣದ ಒಡೆಯನ ಕಡೆಯಿಂದ ನೋಡಿ. ಬ್ಲಾಕ್ ಗಾತ್ರ ಏರಿಸುವ ಹಾರ್ಡ್ ಫೋರ್ಕ್ ಎಲ್ಲ ನೋಡ್‌ಗಳನ್ನೂ ಮುರಿಯುತ್ತದೆ, ಒಬ್ಬನ ನಾಣ್ಯವನ್ನೂ ಮುಟ್ಟುವುದಿಲ್ಲ. ಇಂಥ ಬಗೆಯ ಸಹಿಯನ್ನು ಇನ್ನು ಒಪ್ಪುವುದಿಲ್ಲ ಎನ್ನುವ ಸಾಫ್ಟ್ ಫೋರ್ಕ್ ಒಂದು ನೋಡನ್ನೂ ಮುರಿಯುವುದಿಲ್ಲ, ಆ ಸಹಿಯನ್ನೇ ನಂಬಿ ಇಟ್ಟ ಹಣವನ್ನು ಶಾಶ್ವತವಾಗಿ ಹೂತುಹಾಕಬಹುದು. ಯಂತ್ರವನ್ನು ಯಾವಾಗ ಬೇಕಾದರೂ ನವೀಕರಿಸಬಹುದು. ಕಳೆದುಹೋದ ಖಾಸಗಿ ಕೀಯಡಿ ಸಹಿ ಮಾಡಿಟ್ಟ ಒಂದು ವಹಿವಾಟನ್ನು ಮತ್ತೆ ಬರೆಯಲಾಗದು. ಯಾವ ಹೊಂದಾಣಿಕೆ ಮೊದಲು ಎಂದು ಕೇಳಿದರೆ ನನ್ನ ಉತ್ತರ ಇಲ್ಲಿಂದ ಹುಟ್ಟುತ್ತದೆ.

ಈಥೀರಿಯಂ ಹಿಡಿದ ದಾರಿ

2015ರ ಜುಲೈನಲ್ಲಿ ಶುರುವಾದ ಈಥೀರಿಯಂ ಹಾರ್ಡ್ ಫೋರ್ಕನ್ನೇ ವಾಡಿಕೆ ಮಾಡಿಕೊಂಡಿತು. ಅಲ್ಲಿ ಬದಲಾವಣೆ ಎಂದರೆ ಹೆಸರಿಟ್ಟು, ದಿನ ಗೊತ್ತುಮಾಡಿ, ಎಲ್ಲರೂ ಒಟ್ಟಿಗೆ ಮಾಡುವ ಕೆಲಸ. ಮೊದಲ ದೊಡ್ಡ ಪರೀಕ್ಷೆ ಮಾತ್ರ ಕಹಿಯಾಯಿತು. 2016ರ ಜೂನ್ 17ರಂದು 'ದ ಡಾವೋ' ಎಂಬ ನಿಧಿಯಿಂದ ಸುಮಾರು 36 ಲಕ್ಷ ಈಥರ್ ಸೋರಿಹೋಯಿತು. ಮೊದಲು ಯೋಚಿಸಿದ ಸಾಫ್ಟ್ ಫೋರ್ಕ್‌ನಲ್ಲಿ ಜಾಲವನ್ನೇ ಸ್ತಬ್ಧಗೊಳಿಸಬಲ್ಲ ದೋಷ ಕಂಡಿತು. ಜುಲೈ 20ರಂದು ಹಾರ್ಡ್ ಫೋರ್ಕ್ ಮೂಲಕ ಹಣವನ್ನು ಹಿಂದಿರುಗಿಸಲಾಯಿತು. ಒಪ್ಪದವರು ಹಳೆಯ ಸರಪಳಿಯನ್ನು ಈಥೀರಿಯಂ ಕ್ಲಾಸಿಕ್ ಎಂದು ಉಳಿಸಿಕೊಂಡರು. ಮರುವರ್ಷ ಪ್ಯಾರಿಟಿ ವಾಲೆಟ್‌ಗಳಲ್ಲಿ 5 ಲಕ್ಷಕ್ಕೂ ಹೆಚ್ಚು ಈಥರ್ ಸಿಕ್ಕಿಹಾಕಿಕೊಂಡಾಗ ಅದನ್ನು ಬಿಡಿಸುವ ಪ್ರಸ್ತಾವಕ್ಕೆ ಒಪ್ಪಿಗೆ ಸಿಗಲಿಲ್ಲ. ಒಮ್ಮೆ ಮಾಡಿದ್ದನ್ನು ಮತ್ತೆ ಮಾಡಲು ಸಮುದಾಯ ಹಿಂಜರಿಯಿತು.

2016ರಲ್ಲಿ ಸೀಳಿದ ಆ ಎರಡು ಸರಪಳಿಗಳಲ್ಲೂ ವಹಿವಾಟಿನ ರೂಪ ಒಂದೇ ಆಗಿತ್ತು. ಒಂದು ಕಡೆ ಕಳಿಸಿದ ಹಣದ ಸಹಿಯನ್ನು ಯಾರೋ ಇನ್ನೊಂದು ಕಡೆ ಹಾಗೆಯೇ ಮತ್ತೆ ಸಲ್ಲಿಸಿದರೆ ಅಲ್ಲಿಯೂ ಹಣ ಹೋಗುತ್ತಿತ್ತು. ಪೂರ್ಣ ಹೊಂದಾಣಿಕೆಯೇ ಇಲ್ಲಿ ಅಪಾಯವಾಯಿತು. 2016ರ ನವೆಂಬರ್‌ನಲ್ಲಿ ಇಐಪಿ 155 ಎಂಬ ಪ್ರಸ್ತಾವ ಸಹಿಯೊಳಗೇ ಸರಪಳಿಯ ಗುರುತನ್ನು ಸೇರಿಸುವ ದಾರಿ ಕೊಟ್ಟಿತು. ಗುರುತಿಲ್ಲದ ಹಳೆಯ ಸಹಿಗಳನ್ನೂ ಒಪ್ಪುವುದನ್ನು ಮಾತ್ರ ಬಿಡಲಿಲ್ಲ.

ಹಾರ್ಡ್ ಫೋರ್ಕ್ ಮಾಡುವ ಜಾಲವೂ ಹಳೆಯ ವಹಿವಾಟನ್ನು ಕೈಬಿಡುವುದಿಲ್ಲ ಎಂಬುದು ಹಲವರ ಗಮನಕ್ಕೆ ಬಂದಂತಿಲ್ಲ. 2021ರ ಏಪ್ರಿಲ್‌ನ ಬರ್ಲಿನ್ ಬದಲಾವಣೆಯಲ್ಲಿ ಇಐಪಿ 2718 ಬಗೆಬಗೆಯ ವಹಿವಾಟುಗಳಿಗೆ ದಾರಿ ತೆರೆಯಿತು: ಮೊದಲ ಬೈಟ್ ವಹಿವಾಟಿನ ಬಗೆಯನ್ನು ಹೇಳಬೇಕು. ಹಳೆಯ ವಹಿವಾಟುಗಳ ಮೊದಲ ಬೈಟ್ ಯಾವಾಗಲೂ 192 ಅಥವಾ ಅದಕ್ಕಿಂತ ಹೆಚ್ಚು. ಹೊಸ ಬಗೆಗಳಿಗೆ 127ರೊಳಗಿನ ಸಂಖ್ಯೆಗಳನ್ನೇ ಮೀಸಲಿಟ್ಟರು. ಒಂದು ಬೈಟ್ ನೋಡಿದರೆ ಹಳೆಯದೋ ಹೊಸದೋ ತಿಳಿಯುತ್ತದೆ. ಆ ಆಗಸ್ಟ್‌ನಲ್ಲಿ ಶುಲ್ಕದ ಪದ್ಧತಿಯನ್ನೇ ತಿರುಗಿಸಿದ ಇಐಪಿ 1559 ಬಂದಾಗಲೂ, ಹಳೆಯ ರೂಪದಲ್ಲಿ ಒಂದೇ ಶುಲ್ಕ ಬರೆದವರ ವಹಿವಾಟು ನಡೆಯುತ್ತಲೇ ಹೋಯಿತು.

ಈಥೀರಿಯಂಗೆ ಕಷ್ಟ ಬಂದದ್ದು ಇನ್ನೊಂದು ಮಗ್ಗುಲಿನಿಂದ. ಅಲ್ಲಿ ಒಮ್ಮೆ ಸರಪಳಿಗೆ ಏರಿದ ಸ್ಮಾರ್ಟ್ ಕಾಂಟ್ರಾಕ್ಟ್‌ಗಳ ಕೋಡನ್ನು ಸಾಮಾನ್ಯವಾಗಿ ತಿದ್ದಲಾಗದು. ಅವು ಬರೆದ ದಿನದ ಶುಲ್ಕ ಪಟ್ಟಿಯನ್ನು ನಂಬಿರುತ್ತವೆ. 2019ರ ಜನವರಿಯಲ್ಲಿ ಕಾನ್‌ಸ್ಟಾಂಟಿನೋಪಲ್ ಬದಲಾವಣೆಗೆ ಒಂದು ದಿನ ಬಾಕಿಯಿರುವಾಗ ಚೈನ್‌ಸೆಕ್ಯುರಿಟಿ ಸಂಸ್ಥೆ ಒಂದು ಅಪಾಯ ತೋರಿಸಿತು: ದಾಖಲೆ ಬರೆಯುವ ಶುಲ್ಕವನ್ನು ಇಳಿಸಿದರೆ, ಅಷ್ಟು ಕಡಿಮೆ ಗ್ಯಾಸ್ ಎಂಬ ಶುಲ್ಕದ ಅಳತೆ‌ನಲ್ಲಿ ಯಾರೂ ಏನೂ ಮಾಡಲಾರರು ಎಂಬ ಭರವಸೆಯ ಮೇಲೆ ಬರೆದ ಕಾಂಟ್ರಾಕ್ಟ್‌ಗಳು ಕಳವಿಗೆ ತೆರೆದುಕೊಳ್ಳುತ್ತವೆ. ಬದಲಾವಣೆಯನ್ನು ಫೆಬ್ರವರಿ ಕೊನೆಗೆ ಮುಂದೂಡಿ, ಆ ಭಾಗವನ್ನು ಬಿಡಲಾಯಿತು. ಅದೇ ಡಿಸೆಂಬರ್‌ನಲ್ಲಿ ದಾಖಲೆ ಓದುವ ಶುಲ್ಕವನ್ನು 200ರಿಂದ 800 ಗ್ಯಾಸ್‌ಗೆ ಏರಿಸಿದಾಗ ಕೆಲವು ಹಳೆಯ ಕಾಂಟ್ರಾಕ್ಟ್‌ಗಳ ಕೆಲಸ ಕೆಟ್ಟಿತು. ಇಳಿಸಿದರೂ ತೊಂದರೆ, ಏರಿಸಿದರೂ ತೊಂದರೆ. ಶುಲ್ಕ ಪಟ್ಟಿ ಒಂದು ವಾಗ್ದಾನವೇ ಅಲ್ಲ, ಅದನ್ನು ನಂಬಿ ಬರೆಯಬಾರದಿತ್ತು ಎಂದು ಒಂದು ಪಂಥ. ನಂಬಿ ಬರೆದವರನ್ನು ಆಮೇಲೆ ಬೈದರೆ ಅವರ ಹಣ ವಾಪಸು ಬರುವುದಿಲ್ಲ ಎಂದು ಇನ್ನೊಂದು. ನನ್ನ ಒಲವು ಎರಡನೆಯದರ ಕಡೆಗೆ.

ಖಾಸಗಿತನಕ್ಕೆ ಒತ್ತು ಕೊಡುವ ಮೊನೆರೊ ಜಾಲ ಹಲವು ವರ್ಷ ಸುಮಾರು ಆರು ತಿಂಗಳಿಗೊಮ್ಮೆ ಹಾರ್ಡ್ ಫೋರ್ಕ್ ಮಾಡಿತು. 2017ರ ಸೆಪ್ಟೆಂಬರ್‌ನಿಂದ ಮೊತ್ತ ಮರೆಮಾಚುವ ರಿಂಗ್‌ಸಿಟಿ ರೂಪವನ್ನು ಕಡ್ಡಾಯವೂ ಮಾಡಿತು. ಖಾಸಗಿತನ ಎಲ್ಲರಿಗೂ ಒಂದೇ ರೀತಿ ಇದ್ದಾಗಲೇ ಕೆಲಸ ಮಾಡುತ್ತದೆ, ಹಳೆಯ ರೂಪದಲ್ಲೇ ಉಳಿದವನು ಗುಂಪಿನಲ್ಲಿ ಎದ್ದು ಕಾಣುತ್ತಾನೆ ಎಂಬ ಅವರ ಕಾರಣ ಗಟ್ಟಿಯಾದದ್ದೇ.

ಜಾರಿ ಮಾಡುವವರು ಯಾರು?

ಶೇ 95ರಷ್ಟು ಮೈನರ್‌ಗಳು ಸಂಕೇತ ಕೊಟ್ಟರೆ ಜಾರಿ ಎಂಬ ಪದ್ಧತಿ ಮೈನರ್‌ಗಳಿಗೆ ತಡೆಹಿಡಿಯುವ ಶಕ್ತಿಯನ್ನೂ ಕೊಟ್ಟಿತು. ಸೆಗ್‌ವಿಟ್ ತಿಂಗಳುಗಟ್ಟಲೆ ಅಲ್ಲಿಯೇ ಸಿಕ್ಕಿಬಿದ್ದಾಗ, ಶಾವೊಲಿನ್‌ಫ್ರೈ ಎಂಬ ಗುಪ್ತನಾಮದವರು ಬಿಐಪಿ 148 ಬರೆದರು: 2017ರ ಆಗಸ್ಟ್ 1ರ ನಂತರ ಸೆಗ್‌ವಿಟ್‌ಗೆ ಸಂಕೇತ ಕೊಡದ ಬ್ಲಾಕ್‌ಗಳನ್ನು ಬಳಕೆದಾರರೇ ತಿರಸ್ಕರಿಸುವುದು. ಆ ಗಡುವಿಗೆ ಮೊದಲೇ ಮೈನರ್‌ಗಳು ಬೇರೊಂದು ದಾರಿಯಿಂದ ಒಪ್ಪಿದರು. ಬಳಕೆದಾರರ ಬೆದರಿಕೆ ಗೆದ್ದಿತು ಎಂದು ಒಂದು ಕತೆ, ಉದ್ಯಮಗಳ ನ್ಯೂಯಾರ್ಕ್ ಒಪ್ಪಂದ ಕೆಲಸ ಮಾಡಿತು ಎಂದು ಇನ್ನೊಂದು ಕತೆ. ಆ ಒಪ್ಪಂದದ ಎರಡನೆಯ ಭಾಗವಾದ 2 ಎಂಬಿ ಹಾರ್ಡ್ ಫೋರ್ಕನ್ನು ನವೆಂಬರ್ 8ರಂದು ಅದರ ಮುಂದಾಳುಗಳೇ ಕೈಬಿಟ್ಟರು.

ಗ್ರೆಗರಿ ಮ್ಯಾಕ್ಸ್‌ವೆಲ್ 2018ರಲ್ಲಿ ಮುಂದಿಟ್ಟ ಟ್ಯಾಪ್‌ರೂಟ್ ಎಂಬ ಸಾಫ್ಟ್ ಫೋರ್ಕ್ ಬಗ್ಗೆ ವಿರೋಧವೇ ಇರಲಿಲ್ಲ ಎನ್ನಬಹುದು. ಆದರೂ ಮೈನರ್‌ಗಳು ಸಂಕೇತ ಕೊಡದಿದ್ದರೆ ಬಲವಂತ ಮಾಡಬೇಕೇ ಎಂಬ ಪ್ರಶ್ನೆಯ ಮೇಲೇ ತಿಂಗಳುಗಟ್ಟಲೆ ವಾದ ನಡೆಯಿತು. ಶೇ 90ರ ಮಿತಿಯ, ಅಲ್ಪಾವಧಿಯ ಒಂದು ಪ್ರಯೋಗಕ್ಕೆ ಹೆಚ್ಚಿನವರು ತಲೆದೂಗಿ, 2021ರ ನವೆಂಬರ್ 14ರಂದು ಅದು ಜಾರಿಯಾಯಿತು.

ಇನ್ನು ಸಾಕು ಎನ್ನುವವರು

ಟ್ಯಾಪ್‌ರೂಟ್ ಆದ ಮೇಲೆ ಮೂರನೆಯ ಪಂಥ ಬಲವಾಗಿದೆ. ಬಿಟ್‌ಕಾಯಿನ್ ನಿಯಮ ಇನ್ನು ಬದಲಾಗಬೇಕಿಲ್ಲ, ಬದಲಾಗದಿರುವುದೇ ಅದರ ಬೆಲೆ ಎನ್ನುವವರು ಇವರು. ಮುಂದಿನ ಖರ್ಚಿನ ಮೇಲೆ ಷರತ್ತು ಹಾಕಬಲ್ಲ ಬಿಐಪಿ 119ರಂಥ ಪ್ರಸ್ತಾವಗಳು ಇವರ ಮುಂದೆ ನಿಂತಿವೆ.

ಇವರ ಕೈಯಲ್ಲಿರುವ ಬಲವಾದ ಉದಾಹರಣೆ ಟ್ಯಾಪ್‌ರೂಟ್‌ನದೇ. ಅದು ಸ್ಕ್ರಿಪ್ಟ್‌ಗಳ ಮೇಲಿದ್ದ 10,000 ಬೈಟ್‌ಗಳ ಮಿತಿಯನ್ನು ತನ್ನ ಹೊಸ ಬಗೆಯ ವಹಿವಾಟಿನಲ್ಲಿ ತೆಗೆದಿತ್ತು. ಸೆಗ್‌ವಿಟ್ ಸಾಕ್ಷಿಗೆ ರಿಯಾಯಿತಿ ದರ ಕೊಟ್ಟಿತ್ತು. 2023ರ ಜನವರಿಯಲ್ಲಿ ಕೇಸಿ ರೋಡಾರ್ಮರ್ ಅವರ ಆರ್ಡಿನಲ್ಸ್ ಈ ಎರಡನ್ನೂ ಜೋಡಿಸಿ ಚಿತ್ರಗಳನ್ನು ಸಾಕ್ಷಿಯೊಳಗೆ ತುರುಕಿತು. ಸ್ವಲ್ಪ ದಿನದಲ್ಲೇ ಸುಮಾರು 4 ಎಂಬಿಯ ಒಂದು ಬ್ಲಾಕ್ ಬಂತು. ನಿಯಮ ರಚಿಸಿದವರ ಉದ್ದೇಶ ಅದಾಗಿರಲಿಲ್ಲ. ಈಗ ಆ ಬಾಗಿಲು ಮುಚ್ಚಿದರೆ, ಅದರ ಮೂಲಕ ಹಣ ಇಟ್ಟವರ ಬೀಗವನ್ನೂ ಮುಟ್ಟಿದಂತಾಗುತ್ತದೆ ಎಂಬುದೇ ತೊಡಕು. 2025ರ ಅಕ್ಟೋಬರ್‌ನಲ್ಲಿ ಬಿಟ್‌ಕಾಯಿನ್ ಕೋರ್‌ನ 30ನೇ ಆವೃತ್ತಿ ವಹಿವಾಟಿಗೆ ಅಂಟಿಸುವ ಮಾಹಿತಿಯ ಮೇಲಿನ ರೂಢಿಯ ಮಿತಿಯನ್ನು 83 ಬೈಟ್‌ಗಳಿಂದ ಒಂದು ಲಕ್ಷಕ್ಕೆ ಏರಿಸಿದಾಗ ಎದ್ದ ಗದ್ದಲವೂ ಇದೇ ಗಾಯದ್ದು. ಅದು ಜಾಲದ ಕಡ್ಡಾಯ ನಿಯಮವಲ್ಲ, ಪ್ರತಿ ನೋಡ್ ಯಾವುದನ್ನು ಮುಂದೆ ಸಾಗಿಸಬೇಕು ಎಂಬ ರೂಢಿ ಮಾತ್ರ. ರೂಢಿಯೂ ಜನರ ನಿರೀಕ್ಷೆಯಾಗಿ ಗಟ್ಟಿಯಾಗುತ್ತದೆ ಎಂದು ತಿಳಿಯಲು ಆ ಜಗಳ ಸಾಕು.

ಬಗೆಹರಿಯದೆ ಉಳಿದವು

ಎಲ್ಲಕ್ಕಿಂತ ಕಠಿಣವಾದದ್ದು ಕ್ವಾಂಟಮ್ ಕಂಪ್ಯೂಟರ್ ಪ್ರಶ್ನೆ. ಸಾಕಷ್ಟು ದೊಡ್ಡ ಕ್ವಾಂಟಮ್ ಯಂತ್ರ ಬಂದ ದಿನ, ಸಾರ್ವಜನಿಕ ಕೀ ಬಯಲಾಗಿರುವ ವಿಳಾಸಗಳ ಖಾಸಗಿ ಕೀಯನ್ನು ಲೆಕ್ಕಹಾಕಿ ತೆಗೆಯಬಹುದು. ಅಮೆರಿಕದ ಎನ್‌ಐಎಸ್‌ಟಿ 2024ರ ಆಗಸ್ಟ್‌ನಲ್ಲಿ ಕ್ವಾಂಟಮ್ ನಿರೋಧಕ ಸಹಿಗಳ ಮಾನಕ ಪ್ರಕಟಿಸಿದೆ. ಅವುಗಳಲ್ಲಿ ಒಂದಾದ ಎಂಎಲ್-ಡಿಎಸ್‌ಎಯ ಅತಿ ಚಿಕ್ಕ ಸಹಿಯೇ 2,420 ಬೈಟ್, ಟ್ಯಾಪ್‌ರೂಟ್‌ನದು 64. ಹೊಸ ಸಹಿಗಳಿಗೆ ಸಾಫ್ಟ್ ಫೋರ್ಕ್ ಮೂಲಕ ದಾರಿ ಮಾಡಿಕೊಡಲು ಬಿಐಪಿ 360ರಂಥ ಪ್ರಸ್ತಾವಗಳಿವೆ. ಅವು ಹೊಸ ಹಣವನ್ನು ಕಾಪಾಡಬಲ್ಲವು. ಹೊಸ ಬೀಗಕ್ಕೆ ಸಾಗಿಸದೆ ಉಳಿದ ಹಣವನ್ನು ಏನು ಮಾಡಬೇಕು? ಜೇಮ್ಸನ್ ಲಾಪ್ ಮತ್ತಿತರರು 2025ರಲ್ಲಿ ಗಡುವು ಕೊಟ್ಟು ಹಳೆಯ ಸಹಿಗಳನ್ನು ನಿಲ್ಲಿಸೋಣ ಎಂದರು. ಇಲ್ಲವಾದರೆ ಮೊದಲು ಯಂತ್ರ ಕಟ್ಟಿದವರು ಎಲ್ಲವನ್ನೂ ದೋಚುತ್ತಾರೆ ಎಂಬುದು ಅವರ ವಾದ. ನೋಡ್‌ಗಳ ಲೆಕ್ಕದಲ್ಲಿ ಅದು ಅಪ್ಪಟ ಹೊಂದಾಣಿಕೆಯ ಬದಲಾವಣೆ. ಒಡೆಯನ ಲೆಕ್ಕದಲ್ಲಿ ಮುಟ್ಟುಗೋಲು. ದೋಚುವುದಕ್ಕೆ ಬಿಡುವುದೋ, ಹೂಳುವುದೋ ಎಂಬಲ್ಲಿ ಎರಡೂ ಕಡೆ ಪ್ರಾಮಾಣಿಕ ಜನರಿದ್ದಾರೆ. ನಾನು ಹೂಳುವುದರ ವಿರುದ್ಧ ವಾಲುತ್ತೇನೆ, ಆದರೆ ಕಳ್ಳತನ ಕಣ್ಣೆದುರು ನಡೆಯುವ ದಿನವೂ ಹೀಗೇ ಹೇಳುವುದು ಸುಲಭವಲ್ಲ.

ಎರಡನೆಯದು ಕಾಣದ ವಹಿವಾಟುಗಳು. ಮಕ್ಕಳಿಗೆಂದು ಮುಂದಿನ ದಿನಾಂಕ ಹಾಕಿ ಸಹಿ ಮಾಡಿ, ಕೀ ಅಳಿಸಿ, ಎಲ್ಲೋ ಇಟ್ಟ ವಹಿವಾಟು ಸರಪಳಿಯ ಮೇಲೆ ಎಲ್ಲಿಯೂ ಕಾಣುವುದಿಲ್ಲ. 2019ರಲ್ಲಿ ಮ್ಯಾಟ್ ಕೊರಾಲೊ ಹಳೆಯ ದೋಷಗಳನ್ನು ಗುಡಿಸುವ ಪ್ರಸ್ತಾವ ತಂದಾಗ, ಯಾರೂ ಬಳಸದಂತಿದ್ದ ಒಂದು ಆಜ್ಞೆಯನ್ನು ಮುಚ್ಚುವುದಕ್ಕೂ ಈ ಕಾರಣಕ್ಕೇ ಆಕ್ಷೇಪ ಬಂತು. ಆಂಟೋನ್ ಪುವಾನ್ಸೊ ಅದನ್ನು ಮತ್ತೆ ಎತ್ತಿಕೊಂಡು ರೂಪಿಸಿದ ಬಿಐಪಿ 54, ಯಾರದೋ ಹಣ ಸಿಕ್ಕಿಬೀಳದ ಹಾಗೆ ಮಿತಿಗಳನ್ನು ಅಳೆದು ಇಟ್ಟಿದೆ. ಇದೆಯೋ ಇಲ್ಲವೋ ತಿಳಿಯದ ವಹಿವಾಟಿಗಾಗಿ ತಿಳಿದಿರುವ ದೋಷವನ್ನು ಎಷ್ಟು ಕಾಲ ಸಹಿಸಬೇಕು ಎಂಬುದಕ್ಕೆ ಅಳತೆಗೋಲಿಲ್ಲ.

ಒಪ್ಪಿಗೆಯನ್ನು ಅಳೆಯುವ ವಿಧಾನವೂ ತೀರ್ಮಾನವಾಗಿಲ್ಲ. ಟ್ಯಾಪ್‌ರೂಟ್‌ಗೆ ಬಳಸಿದ ವಿಧಾನವನ್ನೇ ಮುಂದೆಯೂ ಬಳಸಬೇಕು ಎಂದು ಯಾರೂ ಒಪ್ಪಿಕೊಂಡಿಲ್ಲ.

ಇನ್ನು ತಪ್ಪಿಸಲಾಗದ ಒಂದು ಹಾರ್ಡ್ ಫೋರ್ಕ್ ಕಾದಿದೆ. ಬಿಟ್‌ಕಾಯಿನ್ ಬ್ಲಾಕ್‌ನ ಸಮಯ ಬರೆಯುವ ಜಾಗ 32 ಬಿಟ್‌ಗಳದು, ಅದು 2106ರ ಫೆಬ್ರವರಿ 7ರಂದು ತುಂಬಿಹೋಗುತ್ತದೆ. ಅದರ ನಂತರ ಹಳೆಯ ನಿಯಮದಲ್ಲಿ ಒಂದು ಬ್ಲಾಕನ್ನೂ ಕಟ್ಟಲಾಗದು. ಬದಲಾವಣೆಯೇ ಬೇಡ ಎನ್ನುವವರೂ ಇದನ್ನು ಒಪ್ಪುತ್ತಾರೆ. ಹೇಗೂ ಹಳೆಯ ನೋಡ್‌ಗಳೆಲ್ಲ ನಿಲ್ಲುವ ಆ ಸಂದರ್ಭದಲ್ಲಿ, ಸೆಗ್‌ವಿಟ್‌ನ ಸುತ್ತುಬಳಸಿನ ದಾರಿಗಳನ್ನೂ ನೇರ ಮಾಡಬೇಕೇ ಅಥವಾ ಗಡಿಯಾರವೊಂದನ್ನೇ ತಿದ್ದಿ ಉಳಿದುದನ್ನು ಮುಟ್ಟದೆ ಬಿಡಬೇಕೇ ಎಂಬುದನ್ನು ತೀರ್ಮಾನಿಸುವವರು ಇನ್ನೂ ಹುಟ್ಟಿರಲಾರರು.